ದಿನಾ ಓಡಾಡೋ ಕಾರಿಗೆ ರೀಮ್ಯಾಪೋ, ಲೋವರಿಂಗ್ ಸ್ಪ್ರಿಂಗೋ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕೆಲಸಕ್ಕೆ ಹೋಗಿಬರೋ ತಮ್ಮ ಕೇಳಿದ್ದ: ಟರ್ಬೊ ಕಾರಿಗೆ ಮೊದಲು ಯಾವುದು ಮಾಡಿಸಲಿ, ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸೋ ರೀಮ್ಯಾಪೋ, ಕಾರನ್ನು ನೆಲಕ್ಕೆ ತಗ್ಗಿಸೋ ಗಿಡ್ಡ ಲೋವರಿಂಗ್ ಸ್ಪ್ರಿಂಗೋ?

ಸ್ಪ್ರಿಂಗ್ ಹಾಕಿಸಿದರೆ ಹೆದ್ದಾರಿ 48ರ ಸುಮಾರು 60 ಕಿಲೋಮೀಟರಲ್ಲಿ ಕಾರು ರಸ್ತೆಗೆ ಅಂಟಿಕೊಂಡಂತೆ ಹೋಗುತ್ತೆ, ನಿಜ. ಆದರೆ ಊರೊಳಗಿನ ಹಂಪು ಯಾರನ್ನೂ ಬಿಡಲ್ಲ. ನನ್ನದನ್ನು 30 ಮಿಲಿಮೀಟರ್ ಇಳಿಸಿದ್ದೆ. ನಾಲ್ವರು ಕೂತು ಬೆಣ್ಣೆ ದೋಸೆಗೆ ಹೊರಟರೆ ಹಂಪಿಗೊಮ್ಮೆ ತಳ ಕರ್ ಅನ್ನೋದು, ಹಿಂದಿನ ಸೀಟಿಂದ ಅಮ್ಮನ ಬೈಗುಳ ಬೇರೆ.

ರೀಮ್ಯಾಪಿಗೆ ಆ ತಾಪತ್ರಯವಿಲ್ಲ. ಲಾರಿ ಹಿಂದಿಕ್ಕುವಾಗ ಎಳೆತ ತಕ್ಷಣ ಸಿಗುತ್ತೆ. ಆದರೆ ವಾರಂಟಿ ಕೈತಪ್ಪಬಹುದು, ಕಾಲು ಒತ್ತಿದಷ್ಟೂ ಕ್ಲಚ್ ಬೇಗ ಸವೆಯುತ್ತೆ.

ವಾರಂಟಿ ಮುಗಿದಿದ್ದು, ಹೆದ್ದಾರಿಯೇ ಹೆಚ್ಚಾದರೆ ರೀಮ್ಯಾಪ್. ಒಬ್ಬನೇ ಓಡಾಡೋದಾದರೆ ಸ್ಪ್ರಿಂಗ್ ನೋಡಬಹುದು. ಊರೊಳಗೇ ಸುತ್ತಾಟವಾದರೆ ಒಳ್ಳೇ ಟೈರು, ಬ್ರೇಕ್ ಪ್ಯಾಡ್ ಹಾಕಿಸು. ಉಳಿದಿದ್ದು ಕಂಪನಿಯಿಂದ ಬಂದಂಗೇ ಇರಲಿ.