ಬೆದೆ ತೋರಿಸುವ ಸ್ಟಿಕ್ಕರ್: ಎರಡು ಕಡಸುಗಳಿಗೆ ಅಂಟಿಸಿ ನೋಡಿದ್ದು

ಬಾಲದ ಬುಡದ ಮೇಲೆ ಅಂಟಿಸುವ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇದು. ಇನ್ನೊಂದು ದನ ಮೇಲೇರಿದರೆ ಬೆಳ್ಳಿ ಪದರ ಉಜ್ಜಿ ಹೋಗಿ ಒಳಗಿನ ಕಿತ್ತಳೆ ಬಣ್ಣ ಕಾಣುತ್ತದೆ. ನಮ್ಮ ಕೆಂಪಿ ಬೆದೆಗೆ ಬಂದರೂ ಕೂಗುವವಳಲ್ಲ. ಎರಡು ಸಲ ಬೆದೆ ಕೈತಪ್ಪಿದ ಮೇಲೆ ಇದನ್ನು ತರಿಸಿದೆ.

ಮೊದಲನೆಯದು ಮರುದಿನವೇ ಸಗಣಿಯಲ್ಲಿ ಬಿದ್ದಿತ್ತು. ತಪ್ಪು ನನ್ನದೇ, ಮೈ ತೊಳೆದ ಕೂಡಲೇ ಅಂಟಿಸಿದ್ದೆ. ಎರಡನೇ ಸಲ ಮೈ ಒಣಗಿದ ಮೇಲೆ ಉದುರುವ ಕೂದಲನ್ನೆಲ್ಲ ಬ್ರಷ್‌ನಿಂದ ತೆಗೆದು, ಅಂಗೈಯಲ್ಲಿ ಒತ್ತಿ ಹಿಡಿದೆ. ಕದಲಲಿಲ್ಲ.

ರಾತ್ರಿ ಎರಡು ಕಡಸುಗಳನ್ನೂ ಬಿಚ್ಚಿಯೇ ಬಿಟ್ಟಿರುತ್ತೇನೆ. ಒಂದು ಬೆಳಿಗ್ಗೆ ಆರಕ್ಕೆ ನೋಡಿದರೆ ಕೆಂಪಿಯದು ಪೂರ್ತಿ ಕಿತ್ತಳೆ! ಹಿಂದಿನ ಸಂಜೆ ಬೆಳ್ಳಿಯೇ ಇತ್ತು. ಅಂದರೆ ಬೆದೆ ಶುರುವಾಗಿದ್ದು ರಾತ್ರಿ. ಮೇಲೇರಿದ್ದನ್ನು ಸ್ಟಿಕ್ಕರ್ ಹೇಳುತ್ತದೆ, ಎಷ್ಟು ಹೊತ್ತಿಗೆ ಅಂತ ಹೇಳಲ್ಲ. ಅದು ಬೇಕಾದರೆ ಬೆಳಿಗ್ಗೆ ಸಂಜೆ ನಾವೇ ನೋಡಬೇಕು. ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಸುಮಾರು 10–12 ಗಂಟೆಯಾದ ಮೇಲೆ. ಹಾಗಾಗಿ ಬೆಳಿಗ್ಗೆ ಕಂಡದ್ದಕ್ಕೆ ಅದೇ ಸಂಜೆ ಸೆಮೆನ್ ಹಾಕಿಸಿದೆ. ಎರಡು ದಿನ ಬಿಟ್ಟು ಬಾಲಕ್ಕೆ ಸ್ವಲ್ಪ ರಕ್ತ ಮೆತ್ತಿತ್ತು. ಗಾಬರಿ ಬೇಡ, ಕಡಸುಗಳಲ್ಲಿ ಇದು ಮಾಮೂಲು. ಗಬ್ಬ ನಿಂತಿತೋ ಇಲ್ಲವೋ ಅಂತ ಅದರಿಂದ ಹೇಳೋಕಾಗಲ್ಲ. ಗಬ್ಬ ನಿಲ್ಲದಿದ್ದರೆ 18ರಿಂದ 24 ದಿನದೊಳಗೆ ಮತ್ತೆ ಬೆದೆ ಬರುತ್ತೆ ಅಂತ, 18ನೇ ದಿನಕ್ಕೆ ಹೊಸ ಸ್ಟಿಕ್ಕರ್ ಅಂಟಿಸಿ ಕಾದೆ. 24 ದಾಟಿದರೂ ಬೆಳ್ಳಿ ಬೆಳ್ಳಿಯಾಗೇ ಇತ್ತು. ಎರಡು ತಿಂಗಳು ಕಳೆದು ಡಾಕ್ಟರ್ ಕೈ ಹಾಕಿ ನೋಡಿ, ಗಬ್ಬ ಅಂದರು.

ಇನ್ನೊಂದು ಕಡಸು ಗೌರಿ ವಿಷಯದಲ್ಲಿ ಮಾತ್ರ ಬೇಸ್ತು ಬಿದ್ದೆ. ಅವಳದ್ದು ಅರ್ಧ ಉಜ್ಜಿತ್ತು. ಸೆಮೆನ್ ಹಾಕಿಸಲು ಫೋನ್ ಮಾಡುವ ಮುಂಚೆ ಸುಮ್ನೆ ನಿಂತು ನೋಡಿದೆ. ಲೋಳೆ ಇಲ್ಲ. ಕೆಂಪಿ ಗದ್ದ ಊರಲು ಬಂದರೆ ಜಾರಿಕೊಳ್ಳುತ್ತಾಳೆ. ಅಸಲಿ ಬೆದೆಯಾದರೆ ಅಲುಗಾಡದೆ ನಿಲ್ಲಬೇಕಿತ್ತು. ಸ್ವಲ್ಪ ಹೊತ್ತಿಗೆ ಗೋದಲಿ ಪಕ್ಕದ ಕಂಬಿಯಡಿ ತೂರಿ ಆರಾಮಾಗಿ ಬೆನ್ನು ಕೆರೆದುಕೊಂಡಳು!

ಮುಂದೆ ಅವಳು ನಿಜವಾಗಿ ಬೆದೆಗೆ ಬಂದಳು, ಆದರೂ ಸೆಮೆನ್ ಹಾಕಿಸದೆ ಬಿಟ್ಟೆ. ಎದೆಯ ಸುತ್ತಳತೆಯಿಂದ ತೂಕ ಅಂದಾಜಿಸುವ ಟೇಪಿನ ಲೆಕ್ಕದಲ್ಲಿ 210 ಕೆಜಿ ಇದ್ದಳು. ಅವಳ ತಾಯಿ 400. ದೊಡ್ಡ ಹಸುವಿನ ತೂಕದಲ್ಲಿ ನೂರಕ್ಕೆ 60ರಷ್ಟಾದರೂ ಆಗಬೇಕು, ಅಂದರೆ 240. ಸ್ಟಿಕ್ಕರ್‌ಗೆ ತೂಕ ಗೊತ್ತಾಗಲ್ಲ ಅಲ್ವಾ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೇ ದನ ಇರುವವರು, ಹಗಲೂ ರಾತ್ರಿ ಕಟ್ಟಿಯೇ ಸಾಕುವವರು ಕೊಳ್ಳಬೇಡಿ. ಮೇಲೇರಲು ಜೊತೆಯೇ ಇಲ್ಲದಿದ್ದರೆ ಬೆಳ್ಳಿ ಉಜ್ಜುವವರು ಯಾರು?