ಇಡಿ ಗಡ್ಡೆಯೋ, ಹೋಳೋ? ಹಿತ್ತಲ ಆಲೂಗಡ್ಡೆಗೆ ಬಿತ್ತನೆ ತಯಾರಿ

ಹಾಸನದಲ್ಲಿ ಏಪ್ರಿಲ್ ಕೊನೆ ಬಂತೆಂದರೆ ಎಪಿಎಂಸಿ ಯಾರ್ಡ್‌ನಲ್ಲಿ ಬಿತ್ತನೆ ಆಲೂಗಡ್ಡೆ ವ್ಯಾಪಾರ ಶುರು. ಜಲಂಧರ್ ಕಡೆಯಿಂದ ಲಾರಿಗಟ್ಟಲೆ ಚೀಲ ಬಂದಿಳಿಯುತ್ತವೆ. ಎಕರೆಗಟ್ಟಲೆ ಹಾಕುವವರಿಗೆ ಚೀಲ ಸಾಕಾಗುವುದಿಲ್ಲ, ಹಿತ್ತಲಲ್ಲಿ ನಾಲ್ಕು ಸಾಲು ಹಾಕುವ ನನಗೆ ಒಂದು ಚೀಲವೂ ಜಾಸ್ತಿ. ಪರಿಚಯದ ರೈತರು ಚೀಲ ಬಿಚ್ಚುವಾಗ ಮೂರ್ನಾಲ್ಕು ಕೆಜಿ ಕೇಳಿ ತರುತ್ತೇನೆ. ತಂದ ಮೇಲೆ ಅದನ್ನು ಮಣ್ಣಿಗಿಡುವ ಮುಂಚೆ ಏನು ಮಾಡಬೇಕು ಅನ್ನುವುದರಲ್ಲಿ ಊರಿಗೊಂದು ಮಾತಿದೆ. ಹಾಗಾಗಿ ಒಂದೇ ಪಾತಿಯಲ್ಲಿ ಸಾಲು ಸಾಲಾಗಿ ಬೇರೆ ಬೇರೆ ರೀತಿ ಮಾಡಿ ಹಾಕಿ ನೋಡುತ್ತಾ ಬಂದಿದ್ದೇನೆ.

ಮೊದಲು ಅಂಗಡಿ ಆಲೂಗಡ್ಡೆಯ ವಿಷಯ ಮುಗಿಸಿಬಿಡೋಣ. ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಬಂದದ್ದನ್ನೇ ಹೂತರೆ ಗಿಡ ಬರುವುದಿಲ್ಲವೇ? ಬರುತ್ತದೆ. ಆದರೆ ಯಾವ ತಳಿ, ಯಾವ ರೋಗ ಹೊತ್ತು ಬಂದಿದೆ, ಒಂದೂ ಗೊತ್ತಿರುವುದಿಲ್ಲ. ನನ್ನ ಪಾತಿಯಲ್ಲಿ ಆ ಸಾಲಿನ ಗಿಡಗಳು ಒಂದರಂತೆ ಒಂದಿರಲಿಲ್ಲ. ಕೆಲವಕ್ಕೆ ಎಲೆ ಮುದುರಿತ್ತು, ಕೆಲವು ಮೊಳಕಾಲೆತ್ತರಕ್ಕೂ ಬರಲಿಲ್ಲ. ಚಿಪ್ಸ್‌ಗೆಂದು ಕೂಡಿಡುವ ಗಡ್ಡೆಗೆ ಮೊಳಕೆ ತಡೆಯುವ ಸಿಐಪಿಸಿ ಮದ್ದು ಕೊಟ್ಟಿರುವುದೂ ಉಂಟು. ಅಂಥದ್ದು ಸಿಕ್ಕರೆ ಕಾದದ್ದೇ ಬಂತು.

ಬಿತ್ತನೆ ಗಡ್ಡೆ ಅಷ್ಟು ದೂರದ ಪಂಜಾಬಿನಿಂದಲೇ ಯಾಕೆ ಬರಬೇಕು ಅನ್ನುವುದಕ್ಕೂ ಕಾರಣ ಈ ರೋಗದ ಭಯವೇ. ಆಲೂಗಡ್ಡೆಯ ನಂಜು (ವೈರಸ್) ರೋಗಗಳಲ್ಲಿ ಹಲವನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಹೇನು, ಅಂದರೆ ಗಿಡದ ರಸ ಹೀರುವ ಸಣ್ಣ ಕೀಟ. ಅಲ್ಲಿ ಚಳಿಗಾಲದ ಶುರುವಿನಲ್ಲಿ ಹೇನಿನ ಕಾಟ ತೀರಾ ಕಡಿಮೆ. ಆ ಸಮಯಕ್ಕೇ ಬೆಳೆ ಬೆಳೆಸಿ, ಹೇನು ಹೆಚ್ಚುವ ಮೊದಲೇ, ಜನವರಿ ಹೊತ್ತಿಗೆ ಗಿಡದ ಮೇಲ್ಭಾಗ ಕತ್ತರಿಸಿ ಹಾಕುತ್ತಾರೆ. ಗಡ್ಡೆ ಮಣ್ಣಿನಲ್ಲೇ ಬಲಿತು, ಆಮೇಲೆ ಕೋಲ್ಡ್ ಸ್ಟೋರೇಜ್ ಸೇರಿ, ನಮ್ಮ ಮುಂಗಾರಿನ ಹೊತ್ತಿಗೆ ಇಲ್ಲಿಗೆ ಬರುತ್ತದೆ. ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದ ಹಳೇ ತಳಿ. ಎಲೆ, ಕಾಂಡ ಕಪ್ಪಾಗಿಸಿ ಕೊಳೆಸುವ ಅಂಗಮಾರಿ ರೋಗಕ್ಕೆ ಅದು ಈಗ ಮೊದಲಿನಂತೆ ತಡೆದು ನಿಲ್ಲುವುದಿಲ್ಲ, ಆದರೂ ಜನ ಅದನ್ನೇ ಕೇಳುತ್ತಾರೆ.

ಇನ್ನು ಮೊಳಕೆ ಬರಿಸುವುದು. ಇಲ್ಲಿ ಎರಡು ದಾರಿ. ಗೋಣಿಚೀಲದಲ್ಲಿ ಕಟ್ಟಿ ಕತ್ತಲೆ ಕೋಣೆಯಲ್ಲಿಡುವುದು ಒಂದು. ಬಿಸಿಲು ಬೀಳದ, ಆದರೆ ಬೆಳಕಿರುವ ಕಡೆ ಹರಡಿಡುವುದು ಇನ್ನೊಂದು. ಕತ್ತಲೆಯಲ್ಲಿ ಮೊಳಕೆ ಬೇಗ ಬೇಗ ಉದ್ದ ಬೆಳೆಯುತ್ತದೆ. ಬಿಳಿ ಬಣ್ಣ, ತೆಳು, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬಿಡಿಸಲು ಹೋದರೆ ಪಟಪಟ ಮುರಿಯುತ್ತದೆ. ಬೆಳಕಲ್ಲಿಟ್ಟದ್ದು ನಿಧಾನ. ಒಂದು ಸೆಂ.ಮೀ ಆಗಲಿಕ್ಕೂ ಕಾಯಿಸುತ್ತದೆ, ಆದರೆ ಕುಳ್ಳಗೆ, ದಪ್ಪಗೆ, ಗಟ್ಟಿಯಾಗಿರುತ್ತದೆ. ಕೈತಪ್ಪಿ ಗಡ್ಡೆ ಉರುಳಿದರೂ ಮೊಳಕೆ ಉದುರುವುದಿಲ್ಲ. ನಾನು ಮೊಟ್ಟೆಯ ಟ್ರೇನಲ್ಲಿ ಗಡ್ಡೆಯ ತಲೆ ಮೇಲೆ ಮಾಡಿ ಜೋಡಿಸಿ ಪಡಸಾಲೆಯ ಕಿಟಕಿ ಹತ್ತಿರ ಇಡುತ್ತೇನೆ. ತಲೆ ಅಂದರೆ ಮೊಳಕೆ ಒಡೆಯುವ ಕಣ್ಣುಗಳು ಒತ್ತಾಗಿರುವ ತುದಿ. ಬಳ್ಳಿಗೆ ಅಂಟಿದ್ದ ತೊಟ್ಟಿನ ಗುರುತು ಇರುವುದು ಅದರ ಎದುರು ತುದಿಯಲ್ಲಿ.

ಬೆಳಕಿನ ದಾರಿಗೂ ಒಂದು ಕಿರಿಕಿರಿ ಇದೆ. ಆಲೂಗಡ್ಡೆ ಪತಂಗ ಬಂದು ಕಣ್ಣಿನ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಕಣ್ಣಿನ ಹತ್ತಿರ ಕಪ್ಪು ಹಿಕ್ಕೆ ಕಂಡರೆ ಒಳಗೆ ಹುಳು ಇದೆ ಅಂತಲೇ ಲೆಕ್ಕ, ಅದನ್ನು ತೆಗೆದು ಎಸೆಯುವುದೇ. ಟ್ರೇ ಮೇಲೆ ಹಳೇ ತೆಳು ಪಂಚೆ ಹೊದಿಸಿದರೆ ಬೆಳಕೂ ಬರುತ್ತದೆ, ಪತಂಗವೂ ದೂರ. ಇಷ್ಟು ತಾಪತ್ರಯ ಇದ್ದರೂ ನನ್ನ ಓಟು ಬೆಳಕಿಗೇ.

ಮೊದಲು ತಲೆಯಲ್ಲಿ ಒಂದೇ ಮೊಳಕೆ ಬಂದು ಬೇರೆ ಕಣ್ಣುಗಳು ಸುಮ್ನೆ ಕೂತಿದ್ದರೆ ಅದನ್ನು ಮುರಿದು ಹಾಕಿ. ಆಮೇಲೆ ಉಳಿದ ಕಣ್ಣುಗಳು ಏಳುತ್ತವೆ. ಬಿತ್ತಲು ಸಮಯ ಇದ್ದರೆ ಮಾತ್ರ ಈ ಕೆಲಸ.

ಈಗ ದೊಡ್ಡ ಜಗಳ: ಇಡಿ ಗಡ್ಡೆ ಹಾಕುವುದೋ, ಕೊಯ್ದು ಹೋಳು ಮಾಡಿ ಹಾಕುವುದೋ? ದುಡ್ಡಿನ ಲೆಕ್ಕದಲ್ಲಿ ಹೋಳು ಗೆಲ್ಲುತ್ತದೆ. ಒಂದು ದಪ್ಪ ಗಡ್ಡೆಯಲ್ಲಿ ಎರಡು ಮೂರು ಬುಡ ಆಗುತ್ತದಲ್ವಾ. ಬಿತ್ತನೆ ಗಡ್ಡೆಯ ಬೆಲೆ ಏರಿದ ವರ್ಷ ರೈತರು ಚಾಕು ಹಿಡಿಯುವುದರಲ್ಲಿ ತಪ್ಪೇನಿಲ್ಲ.

ಆದರೆ ಮುಂಗಾರಿನಲ್ಲಿ ನನ್ನ ಹಿತ್ತಲು ಬೇರೆಯೇ ಹೇಳಿತು. ಜೂನ್ ಶುರುವಿನಲ್ಲಿ ಮಣ್ಣು ಇನ್ನೂ ಬೆಚ್ಚಗಿರುತ್ತದೆ. ಮಳೆ ಬಂದರೆ ಎರಡು ದಿನ ಬಿಡದೆ ಬರುತ್ತದೆ, ಇಲ್ಲದಿದ್ದರೆ ವಾರ ಮುಖ ತೋರಿಸುವುದಿಲ್ಲ. ಇಡಿ ಗಡ್ಡೆಯ ಸಾಲು ಎರಡನ್ನೂ ತಾಳಿಕೊಂಡಿತು. ಹೋಳಿನ ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಜಾಗ. ಅಲ್ಲಿ ಬೆರಳು ಹಾಕಿ ಕೆದಕಿದರೆ ಸಿಪ್ಪೆ ಮಾತ್ರ ಇಡಿಯಾಗಿತ್ತು, ಒಳಗೆಲ್ಲ ಬೂದು ಬಣ್ಣದ ಲೋಳೆ. ಕೈ ತೊಳೆದರೂ ಆ ವಾಸನೆ ಬೇಗ ಹೋಗುವುದಿಲ್ಲ. ಬದುಕಿದ ಹೋಳುಗಳಲ್ಲಿ ಒಂದೋ ಎರಡೋ ಕಾಂಡ ಬಂತು. ಇಡಿ ಗಡ್ಡೆಯಿಂದ ಮೂರು, ನಾಲ್ಕು. ಕಿತ್ತಾಗ ಹೋಳಿನ ಬುಡದಲ್ಲಿ ಗಡ್ಡೆ ಕಡಿಮೆ, ಆದರೆ ದಪ್ಪ. ಇಡಿಯದ್ದರಲ್ಲಿ ಎಣಿಕೆ ಜಾಸ್ತಿ, ಸಣ್ಣವೂ ಬಹಳ. ಪಲ್ಯಕ್ಕೆ ಹೆಚ್ಚುವವರಿಗೆ ದಪ್ಪದ್ದು ಇಷ್ಟ ಇರಬಹುದು. ಸಾಲು ತುಂಬಿರುವುದು ನನಗೆ ಮುಖ್ಯ.

ನವೆಂಬರಿನಲ್ಲಿ ಹಾಕಿದಾಗ ಕತೆ ಬದಲಾಯಿತು. ರಾತ್ರಿ ತಂಪು, ನೀರು ನಮ್ಮ ಕೈಯಲ್ಲಿ. ಹೋಳು ಕೊಳೆಯುವುದು ಅಪರೂಪವಾಯಿತು. ಇಡಿ ಗಡ್ಡೆಗೂ ಅದಕ್ಕೂ ಬೆಳೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಮುಂಗಾರಿಗೆ ಮೊಟ್ಟೆ ಗಾತ್ರದ, 40 ಗ್ರಾಂ ಆಸುಪಾಸಿನ ಇಡಿ ಗಡ್ಡೆಗಳನ್ನೇ ಆರಿಸುತ್ತೇನೆ. ಚಳಿಗಾಲಕ್ಕೆ ದಪ್ಪವನ್ನು ಕೊಯ್ಯಲು ನನಗೆ ಭಯವಿಲ್ಲ.

ಕೊಯ್ಯುವುದಾದರೆ ಉದ್ದಕ್ಕೆ ಕೊಯ್ಯಿರಿ, ಅಡ್ಡಕ್ಕೆ ಬೇಡ. ತಲೆಯ ಪಾಲು ಎರಡೂ ಹೋಳಿಗೆ ಸಿಗಬೇಕು. ಅಡ್ಡ ಕೊಯ್ದರೆ ತೊಟ್ಟಿನ ಕಡೆಯ ಹೋಳು ಎಷ್ಟೋ ದಿನ ತಡವಾಗಿ ಏಳುತ್ತದೆ. ಹೋಳಿಗೆ 30ರಿಂದ 40 ಗ್ರಾಂ ತೂಕ, ಕನಿಷ್ಠ ಎರಡು ಕಣ್ಣು ಇರಲಿ. ಕುಫ್ರಿ ಜ್ಯೋತಿಯ ಕಣ್ಣು ಆಳವಿಲ್ಲ, ಆತುರದಲ್ಲಿ ಕೊಯ್ದರೆ ಕುರುಡು ಹೋಳು ಬಂದುಬಿಡುತ್ತದೆ. ಕೋಲ್ಡ್ ಸ್ಟೋರೇಜ್‌ನಿಂದ ಬಂದ ತಣ್ಣನೆಯ ಗಡ್ಡೆಯನ್ನು ಅವತ್ತೇ ಮುಟ್ಟಬೇಡಿ. ಮೈಮೇಲೆ ಬೆವರಿದ ನೀರು ಆರಿ, ಮೊಳಕೆ ಕಣ್ಣು ಬಿಡುವವರೆಗೆ ನೆರಳಲ್ಲಿರಲಿ.

ಕೊಯ್ಯುವಾಗ ಒಳಗೆ ಕಂದು ಉಂಗುರ ಕಂಡು, ಒತ್ತಿದರೆ ಹಾಲಿನ ಬಣ್ಣದ ಅಂಟು ಬಂದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಆ ಗಡ್ಡೆ ಪಾತಿಗೂ ಬೇಡ, ಗೊಬ್ಬರದ ಗುಂಡಿಗೂ ಬೇಡ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸದೆ ಮುಂದಿನ ಗಡ್ಡೆಗೆ ಇಟ್ಟರೆ ರೋಗವನ್ನು ನಾವೇ ಹಂಚಿದ ಹಾಗೆ. ಇಡಿ ಗಡ್ಡೆಯ ಪರವಾಗಿ ಇದೂ ಒಂದು ಮಾತು: ಅಲ್ಲಿ ಚಾಕುವೇ ಇಲ್ಲ.

ಕೊಯ್ದ ಮೇಲೆ ಬೂದಿಯೋ, ಮದ್ದೋ, ಹಾಗೇ ಒಣಗಿಸುವುದೋ? ನಮ್ಮತ್ತೆ ಬೂದಿಯ ಪಕ್ಷ. "ಬೂದಿ ಹಚ್ಚದೆ ಹೂತರೆ ಕೊಳೆಯುತ್ತೆ ಕಣೇ" ಅಂತ ಮೊರದ ತುಂಬ ಬೂದಿ ತಂದಿಟ್ಟರು. ಒಂದು ಸಾಲಿಗೆ ಅದನ್ನೇ ಹಚ್ಚಿದೆ. ಇನ್ನೊಂದು ಸಾಲಿನದ್ದನ್ನು ಮ್ಯಾಂಕೋಜೆಬ್ ನೀರಿನಲ್ಲಿ ಅದ್ದಿ ಆರಿಸಿದೆ. ಮೂರನೆಯದಕ್ಕೆ ಏನೂ ಹಚ್ಚದೆ, ಹೋಳುಗಳನ್ನು ಒದ್ದೆ ಗೋಣಿಯ ಕೆಳಗೆ ಗಾಳಿಯಾಡುವ ನೆರಳಲ್ಲಿ ಮೂರ್ನಾಲ್ಕು ದಿನ ಒಂದೇ ಪದರವಾಗಿ ಹರಡಿಟ್ಟೆ. ಬೂದಿ ಮೇಲಿನ ಪಸೆ ಹೀರಿತು, ನಿಜ. ಆದರೆ ಹೋಳಿನ ಅಂಚು ಸುಕ್ಕಾಯಿತು, ಕೊಯ್ದ ಮುಖ ಬಿರುಕು ಬಿಟ್ಟಿತು. ಗೋಣಿಯ ಕೆಳಗಿನದಕ್ಕೆ ತೆಳ್ಳಗೆ ಹೊಸ ಸಿಪ್ಪೆ ಕಟ್ಟಿಕೊಂಡಿತ್ತು. ಉಗುರಿನಿಂದ ಗೀರಿದರೂ ಪಸೆ ಬರಲಿಲ್ಲ. ಮ್ಯಾಂಕೋಜೆಬ್ ಹಾಕಿದ್ದೂ ಚೆನ್ನಾಗಿಯೇ ಎದ್ದಿತು. ಅದು ಶಿಲೀಂಧ್ರಕ್ಕೆ ಮದ್ದು, ದುಂಡಾಣುವಿಗಲ್ಲ ಅನ್ನುವುದು ನೆನಪಿರಲಿ, ಕೈಗೆ ಗ್ಲೌಸ್ ಇರಲಿ. ಮನೆಯವರೇ ತಿನ್ನುವ ನಾಲ್ಕು ಸಾಲಿಗೆ ನನಗೆ ಒದ್ದೆ ಗೋಣಿಯೇ ಸಾಕು. ಅತ್ತೆ ಇನ್ನೂ ಒಪ್ಪಿಲ್ಲ, ಅವರ ಮೂಲೆಯಲ್ಲಿ ಬೂದಿ ನಡೆದೇ ಇದೆ.

ಮುಂಗಾರಿನ ಗಡ್ಡೆಯನ್ನೇ ಉಳಿಸಿ ನವೆಂಬರಿಗೆ ಬಿತ್ತಬಹುದೇ ಎಂದು ಕೇಳುವವರಿದ್ದಾರೆ. ಸೆಪ್ಟೆಂಬರ್ ಶುರುವಿನಲ್ಲಿ ಕಿತ್ತದ್ದು ಎರಡು ತಿಂಗಳಾದರೂ ನಿದ್ದೆಯಲ್ಲಿರುತ್ತದೆ. ಅಕ್ಟೋಬರ್ ಕೊನೆಗೆ ಟ್ರೇಗೆ ಏರಿಸಿದರೆ ನವೆಂಬರ್ ಕೊನೆಯ ಹೊತ್ತಿಗೆ ಮೊಳಕೆ ಸಿಗುತ್ತದೆ. ಒಂದು ಸಲಕ್ಕೆ ಅದು ಪರವಾಗಿಲ್ಲ. ಅದರಿಂದ ಬೆಳೆದ ಗಡ್ಡೆಯನ್ನು ಮತ್ತೆ ಉಳಿಸಿದರೆ ಹೇನು ತಂದ ನಂಜು ಸೇರಿಕೊಳ್ಳುತ್ತಾ ಹೋಗುತ್ತದೆ, ಗಡ್ಡೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಉಳಿಸುವುದೇ ಆದರೆ ಗಿಡ ಹಸಿರಿರುವಾಗಲೇ ಎಲೆ ಮುದುರಿದ, ಹಳದಿ ಮಚ್ಚೆಯ ಗಿಡಗಳ ಪಕ್ಕ ಕಡ್ಡಿ ನೆಟ್ಟು ಗುರುತು ಮಾಡಿ. ಕೀಳುವ ದಿನ ಆ ಬುಡದ್ದು ಅಡುಗೆಮನೆಗೆ, ಉಳಿದದ್ದು ಟ್ರೇಗೆ.