ಮಣ್ಣು ಪರೀಕ್ಷೆ: ಬೋರ್ ಅಚ್ಚುಕಟ್ಟು, ಕೊನೇ ಪುಟ ಸಪ್ಪೆ

ಸೇವೆ: ದಾವಣಗೆರೆಯ ಖಾಸಗಿ ಲ್ಯಾಬ್ ಒಂದರ ಮಣ್ಣು ಪರೀಕ್ಷೆ. ಅಂಕ: 5ಕ್ಕೆ 3.

ಭದ್ರಾ ನಾಲೆಯ ನೀರು ಕುಡಿದ ಗದ್ದೆ ಈಗ ಬಡಾವಣೆ. ಮೇಲೆ ಎರೆಮಣ್ಣು, ಕೆಳಗೆ ಗರಸು. ಕಟ್ಟಡಕ್ಕೆ ನೆಲದಲ್ಲಿ ಪಾರ್ಕಿಂಗ್, ಅದರ ಮೇಲೆ ಮೂರು ಮಹಡಿ.

ಸೈಟಿನ ಕೆಲಸದಲ್ಲಿ ಹೆಸರಿಡುವಂಥದ್ದು ಕಡಿಮೆ. ಮಣ್ಣಿನ ಗಟ್ಟಿತನ ಅಳೆಯಲು ಬೋರ್‌ಗೆ, ಅಂದರೆ ಪರೀಕ್ಷೆಗೆಂದು ಕೊರೆದ ರಂಧ್ರಕ್ಕೆ, ರಾಡ್ ಇಳಿಸಿ ಅದರ ಮೇಲೆ 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟರು, ರಾಡ್ ಮೇಲೆ ಸೀಮೆಸುಣ್ಣದ ಗುರುತಿತ್ತು. ಮೊದಲ 15 ಸೆಂ.ಮೀ. ಏಟುಗಳನ್ನು ಬಿಟ್ಟು ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಏಟುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರು, ಈ ಲೆಕ್ಕವೇ ಎನ್ ವ್ಯಾಲ್ಯೂ. ಇದೇನು ದೊಡ್ಡ ವಿಷಯ ಅನ್ನಬೇಡಿ. ಒಂದೊಂದು ಏಟಿನಲ್ಲೂ ಸುಮಾರು 467 ಜೌಲ್ ಶಕ್ತಿ ಇಳಿಯಬೇಕು. ಕೈಸೋತು ಸುತ್ತಿಗೆಯನ್ನು 60 ಸೆಂ.ಮೀ.ಗೇ ಬಿಟ್ಟರೆ ಏಟುಗಳು ಹೆಚ್ಚಾಗುತ್ತವೆ, ಎನ್ ವ್ಯಾಲ್ಯೂ ಏರುತ್ತದೆ, ಮೆತ್ತನೆ ಮಣ್ಣು ಕಾಗದದ ಮೇಲೆ ಗಟ್ಟಿಯಾಗುತ್ತದೆ. ಆದರೂ ಹಗ್ಗ-ರಾಟೆಯಲ್ಲಿ ಸೋರುವ ಶಕ್ತಿಗೆ ವರದಿಯಲ್ಲಿ ತಿದ್ದುಪಡಿ ಮಾಡಿಲ್ಲ.

ಬೋರ್ ಕೊರೆದದ್ದು ಏಪ್ರಿಲ್‌ನಲ್ಲಿ. ಬಿರುಕುಬಿಟ್ಟ ಒಣ ಎರೆ ಆಗ ಕಲ್ಲಿನಂತಿರುತ್ತದೆ, ಮಳೆ ಬಿದ್ದರೆ ಉಬ್ಬಿ ಬೆಣ್ಣೆ. ಹಾಗಾಗಿ ಉಬ್ಬುವಿಕೆಯ ಪರೀಕ್ಷೆ ಬೇಕೇಬೇಕು. ಕೇಳಿದ ಮೇಲಷ್ಟೇ ಮಾಡಿಕೊಟ್ಟರು. ನೀರಿನ ಮಟ್ಟವನ್ನು ಕೊರೆದ ದಿನವೇ ಬರೆದುಕೊಂಡಿದ್ದಾರೆ. ಜೇಡಿಯಲ್ಲಿ ನೀರು ನಿಧಾನಕ್ಕೆ ಒಸರುತ್ತದೆ, ಮರುದಿನ ನೋಡಬೇಕಿತ್ತು. ನಾಲೆಗೆ ನೀರು ಬಿಟ್ಟಾಗಿನ ಮಟ್ಟವಂತೂ ಬೇರೆಯೇ.

ನಿಜವಾದ ಬೇಸರ ಕೊನೇ ಪುಟದ್ದು. “ಜೋನ್ 2, ಭೂಕಂಪದ ಚಿಂತೆ ಇಲ್ಲ” ಎಂಬ ಒಂದೇ ಸಾಲು. ಜೋನ್ ಅಂದರೆ ದೇಶದ ಭೂಕಂಪ ನಕ್ಷೆಯ ವಲಯ, ಅಂಕಿ ಏರಿದಷ್ಟೂ ಅಪಾಯ ಹೆಚ್ಚು. 1993ರ ಭೂಕಂಪದಲ್ಲಿ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಜೋನ್ 1ರಲ್ಲಿತ್ತು, ಅದಕ್ಕಿಂತಲೂ ಕೆಳಗೆ! ಕಟ್ಟಡಗಳ ಭೂಕಂಪ ವಿನ್ಯಾಸದ ಭಾರತೀಯ ಕೋಡ್ ಆದ ಐಎಸ್ 1893ರ 2016ರ ಆವೃತ್ತಿ ಜೋನ್ 2ಕ್ಕೆ 0.10 ಅಪಾಯದ ಗುಣಾಂಕ ಕೊಟ್ಟಿದೆ, ಸೊನ್ನೆಯನ್ನಲ್ಲ.

ಬರೆಯಬೇಕಾಗಿದ್ದು ಇಷ್ಟು. ಇಂಥ ಗಿಡ್ಡ ಕಟ್ಟಡ ಒಮ್ಮೆ ತೂಗಲು ಸುಮಾರು 0.3 ಸೆಕೆಂಡ್ ಸಾಕು. ಅಲ್ಲಿ ನೆಲದ ಅದುರು ಕಟ್ಟಡದಲ್ಲಿ ಎಷ್ಟು ಪಟ್ಟಾಗುತ್ತದೆ ಎಂದು ಬಂಡೆಗೂ ಮೆತ್ತನೆ ಮಣ್ಣಿಗೂ ಆ ಕೋಡ್ ಕೊಡುವ ಅಂಕಿ ಒಂದೇ, 2.5. ಮಣ್ಣಿನ ವ್ಯತ್ಯಾಸ ಎದ್ದು ಕಾಣುವುದು ಎತ್ತರದ ಕಟ್ಟಡದಲ್ಲಿ: ಒಮ್ಮೆ ತೂಗಲು 1 ಸೆಕೆಂಡ್ ಹಿಡಿದರೆ ಬಂಡೆಗೆ 1, ಮೆತ್ತನೆ ಮಣ್ಣಿಗೆ 1.67. ಇಲ್ಲಿ ಭಯ ಬೇರೆ ಕಡೆ ಇದೆ. ಒಂದು ಫುಟಿಂಗ್ (ಕಂಬದ ಅಡಿಪಾಯ) ಎರೆಯಲ್ಲಿ, ಇನ್ನೊಂದು ಗರಸಿನಲ್ಲಿ ಕೂತರೆ ಒಂದೇ ಸಮನೆ ಇಳಿಯುವುದಿಲ್ಲ. ಎಲ್ಲ ಫುಟಿಂಗ್‌ಗಳನ್ನೂ ಗರಸಿಗೇ ಇಳಿಸಿ, ಎರಡೂ ದಿಕ್ಕಿನ ಬೀಮ್‌ಗಳಿಂದ ಬಿಗಿಯಬೇಕು. ಮೇಲಿನ ಮಹಡಿಗಳಿಗೆ ಗೋಡೆಯ ಬಿಗಿ ಇದೆ, ಪಾರ್ಕಿಂಗ್‌ನಲ್ಲಿ ಬರೀ ಕಂಬ. ನೆಲ ಅದುರಿದಾಗ ಬಾಗುವುದು ಅವೇ. ಅಲ್ಲಿಗೆ ಶಿಯರ್ ವಾಲ್, ಅಂದರೆ ಅಡ್ಡ ತಳ್ಳುವಿಕೆ ತಡೆಯುವ ಕಾಂಕ್ರೀಟ್ ಗೋಡೆ ಬೇಕು.

ಇದೇ ಲ್ಯಾಬಿಗೆ ಹೋಗುವುದಾದರೆ ಮರುದಿನದ ನೀರಿನ ಮಟ್ಟ, ಉಬ್ಬುವಿಕೆ, ಶಕ್ತಿ ತಿದ್ದುಪಡಿ ಮೂರನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.